ಕೊನೆಯ ಮಾತು ಯಾರದು? ಗಂಡ, ಹೆಂಡತಿ ಮತ್ತು ಸಭೆಯ ಬಗ್ಗೆ ನಿಮ್ಮ ಪ್ರಶ್ನೆಗಳು

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರ ನಡುವೆ ಹೆಂಗಸರು ಪಾಸ್ಟರ್, ಅಂದರೆ ಸಭಾಪಾಲಕರು, ಆಗಬಹುದೇ ಎಂಬ ಜಗಳ ವರ್ಷಗಳಿಂದ ನಡೆಯುತ್ತಿದೆ. ಹಿಂದಿನ ಸಂಚಿಕೆಯಲ್ಲಿ ಅದರ ಬಗ್ಗೆ ಕೇಳಿದ ಒಬ್ಬರಿಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅಷ್ಟಕ್ಕೇ ಪತ್ರದ ಮೇಲೆ ಪತ್ರ ಬಂದವು. ಕೆಲವರು ಖುಷಿಪಟ್ಟಿದ್ದಾರೆ, ಕೆಲವರು ಸಿಟ್ಟಾಗಿದ್ದಾರೆ, ಕೆಲವರು ತಮ್ಮ ಮನೆಯ ಕಷ್ಟವನ್ನೇ ಬಿಚ್ಚಿಟ್ಟಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹೆಸರುಗಳನ್ನು ಬಿಟ್ಟಿದ್ದೇನೆ, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ನಾನು ಯಾವ ಕಡೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಂಗಸರು ಪ್ರಸಂಗ (ಚರ್ಚಿನಲ್ಲಿ ಬೋಧನೆ) ಮಾಡಬಹುದು, ಸಭೆ (ಚರ್ಚ್) ನಡೆಸಬಹುದು, ಮದುವೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಎಂದು ನಾನು ನಂಬುತ್ತೇನೆ. ಆದರೂ ಆ ಕಡೆಯವರ ಮಾತನ್ನು, ಅವರೇ ಓದಿದರೂ 'ಹೌದು, ನಾವು ಹೇಳುವುದು ಇದನ್ನೇ' ಅನ್ನುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಉಡುಪಿ ಕಡೆಯವಳು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ನನಗೆ ಕನ್ಫರ್ಮೇಶನ್ ಪಾಠ (ಸಭೆಯ ಪೂರ್ಣ ಸದಸ್ಯಳಾಗುವ ಮುಂಚಿನ ಪಾಠ) ಹೇಳಿಕೊಟ್ಟ ಪಾಸ್ಟರ್ ಹೆಂಗಸು. ಈಗ ಡಲ್ಲಾಸ್‌ನಲ್ಲಿದ್ದೇವೆ, ಇಲ್ಲಿ ಒಂದು ಬ್ಯಾಪ್ಟಿಸ್ಟ್ ಸಭೆಗೆ ಹೋಗುತ್ತೇವೆ. ತುಂಬ ಒಳ್ಳೆಯ ಜನ, ನನ್ನ ಬಾಣಂತನದಲ್ಲಿ ಸರದಿ ಹಾಕಿಕೊಂಡು ಊಟ ತಂದುಕೊಟ್ಟವರು. ಆದರೆ ದಂಪತಿಗಳ ಬೈಬಲ್ ಸ್ಟಡಿಯಲ್ಲಿ 'ಮನೆಯಲ್ಲಿ ಕೊನೆಯ ತೀರ್ಮಾನ ಗಂಡನದ್ದು, ಹೆಂಡತಿ ಅಧೀನಳಾಗಿರಬೇಕು, ಸಭೆಯಲ್ಲಿ ಹೆಂಗಸು ಗಂಡಸರಿಗೆ ಕಲಿಸಬಾರದು' ಎಂದು ಹೇಳಿಕೊಡುತ್ತಾರೆ. ನನ್ನ ಗಂಡ ಈಗ ಮನೆಯಲ್ಲೂ ಅದನ್ನೇ ಶುರು ಮಾಡಿದ್ದಾರೆ. ಮೊನ್ನೆ ನನ್ನನ್ನು ಕೇಳದೆ ಒಂದು ಮನೆಗೆ ಮುಂಗಡ ಕೊಟ್ಟು ಬಂದರು. ನಾನು ಬೇಡ ಅಂದರೆ ಪಾಪವೇ? ನನಗೆ ಪಾಠ ಹೇಳಿದ ಆ ಪಾಸ್ಟರ್ ಮಾಡುತ್ತಿದ್ದದ್ದು ತಪ್ಪೇ?
– ಒಬ್ಬ ಸಹೋದರಿ, ಟೆಕ್ಸಾಸ್

ಉತ್ತರ: ತಂಗಿ, ಎರಡಕ್ಕೂ ನನ್ನ ಉತ್ತರ 'ಇಲ್ಲ'. ಆದರೆ ಬರೀ 'ಇಲ್ಲ' ಅಂದರೆ ನಿಮಗೆ ಮನೆಯಲ್ಲಿ ಮಾತಾಡಲು ಏನೂ ಸಿಗುವುದಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಬೈಬಲ್ ಸ್ಟಡಿಯ ಪಾಠ ಈಗಿನ ರೂಪಕ್ಕೆ ಬಂದದ್ದು ಇತ್ತೀಚೆಗೆ. ಗಂಡಸು ಮೇಲೆ, ಹೆಂಗಸು ಕೆಳಗೆ ಎಂದು ಸಭೆಗಳಲ್ಲಿ ಹಿಂದಿನಿಂದಲೂ ಹೇಳುತ್ತಿದ್ದರು, ನಿಜ. ಆದರೆ 'ಬೆಲೆಯಲ್ಲಿ ಇಬ್ಬರೂ ಸಮ, ಪಾತ್ರ ಮಾತ್ರ ಬೇರೆ' ಎಂಬ ಮಾತನ್ನು ಗಟ್ಟಿಯಾಗಿ ಬರೆದಿಟ್ಟದ್ದು 1987ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಡ್ಯಾನ್‌ವರ್ಸ್ ಎಂಬ ಊರಲ್ಲಿ. ಜಾನ್ ಪೈಪರ್, ವೇಯ್ನ್ ಗ್ರೂಡೆಮ್ ಮೊದಲಾದ ಬೋಧಕರು ಸೇರಿ ಒಂದು ಹೇಳಿಕೆ ಸಿದ್ಧ ಮಾಡಿದರು, ಮುಂದಿನ ವರ್ಷ ಅದು ಪ್ರಕಟವಾಯಿತು. ಅವರನ್ನು ಕಾಂಪ್ಲಿಮೆಂಟೇರಿಯನ್ನರು ಎನ್ನುತ್ತಾರೆ, ಅಂದರೆ ಗಂಡು ಹೆಣ್ಣು ಒಬ್ಬರಿಗೊಬ್ಬರು ಪೂರಕ ಎನ್ನುವವರು. ದೇವರು ಆದಾಮನನ್ನು ಮೊದಲು ಮಾಡಿದ, ಆ ಕ್ರಮದಲ್ಲೇ ಮುಂದಾಳತ್ವ ಗಂಡಿಗೆ ಬಂತು, ಪಾಪ ಬರುವುದಕ್ಕೂ ಮೊದಲೇ ಅದು ಇತ್ತು ಎನ್ನುವುದು ಅವರ ವಾದ. ಆ ಮುಂದಾಳತ್ವ ಸೇವೆಯಾಗಿರಬೇಕು, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ಹೆಂಡತಿಗಾಗಿ ತನ್ನನ್ನು ಕೊಟ್ಟುಕೊಳ್ಳಬೇಕು ಎಂದೂ ಅವರು ಹೇಳುತ್ತಾರೆ. ಅದನ್ನು ಪ್ರಾಮಾಣಿಕವಾಗಿ ಬದುಕುವ ಮನೆಗಳೂ ಇವೆ. ನಿಮಗೆ ಬಾಣಂತನದಲ್ಲಿ ಊಟ ತಂದುಕೊಟ್ಟವರು ಅಂಥವರೇ ಇರಬಹುದು.

ಅದೇ ಹೊತ್ತಿಗೆ ಇನ್ನೊಂದು ಗುಂಪೂ ಎದ್ದಿತು. ಕ್ರಿಶ್ಚಿಯನ್ಸ್ ಫಾರ್ ಬಿಬ್ಲಿಕಲ್ ಈಕ್ವಾಲಿಟಿ ಎಂದು ಅವರ ಹೆಸರು. ಮನೆಯಲ್ಲೂ ಸಭೆಯಲ್ಲೂ ಗಂಡು ಹೆಣ್ಣು ಸಮ ಎಂದು 1989ರಲ್ಲಿ ಅವರೂ ತಮ್ಮ ಹೇಳಿಕೆ ಹೊರಡಿಸಿದರು. ಅವರೂ ಬೈಬಲಿಗೆ ಹೆಚ್ಚು ಒತ್ತು ಕೊಡುವ ಇವ್ಯಾಂಜೆಲಿಕಲ್ ಪ್ರೊಟೆಸ್ಟೆಂಟರೇ, ಅವರಿಗೂ ಬೈಬಲ್ ದೇವರ ವಾಕ್ಯವೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಯಜಮಾನರಿಗೆ ಇದು 'ಬೈಬಲ್ ನಂಬುವವರು, ನಂಬದವರು' ನಡುವಿನ ಜಗಳ ಎಂದು ಯಾರೋ ಹೇಳಿರುತ್ತಾರೆ. ಒಂದೇ ಪುಸ್ತಕವನ್ನು ಮೊಣಕಾಲೂರಿ ಓದುವ ಇಬ್ಬರ ನಡುವಿನ ಜಗಳ ಇದು.

ಸದರ್ನ್ ಬ್ಯಾಪ್ಟಿಸ್ಟರದು ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡ, ಒಂದು ಕೋಟಿಗೂ ಹೆಚ್ಚು ಸದಸ್ಯರು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಮಾತನ್ನು ಅವರು 1998ರಲ್ಲಿ ತಮ್ಮ ನಂಬಿಕೆಯ ಪ್ರಕಟಣೆಗೆ ಸೇರಿಸಿದರು. ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಎಂಬುದನ್ನು 2000ದಲ್ಲಿ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದೇ ವರ್ಷ ಆ ಪಂಗಡದಿಂದ ದೂರವಾಗುತ್ತಿರುವುದಾಗಿ ಹೇಳಿದರು. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಸಭೆ ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಟ್ಟಿತು, 2023ರಲ್ಲಿ ಅದನ್ನು ಹೊರಗೆ ಹಾಕಿದರು. ಬ್ಯಾಪ್ಟಿಸ್ಟರಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಮೇಲಿನವರು ಪಾಸ್ಟರನ್ನು ಕಿತ್ತುಹಾಕುವ ಹಾಗಿಲ್ಲ, 'ನೀವು ನಮ್ಮ ಜೊತೆ ಇಲ್ಲ' ಎಂದು ಹೇಳುವುದಷ್ಟೇ ಅವರ ಕೈಯಲ್ಲಿರುವುದು. ಈ ನಿಷೇಧವನ್ನು ಪಂಗಡದ ಸಂವಿಧಾನಕ್ಕೇ ಸೇರಿಸಬೇಕು ಎಂದು 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮತ ಹಾಕಿದರು. ಶೇಕಡ 61ರಷ್ಟು ಬಂತು, ಬೇಕಿದ್ದದ್ದು ಮೂರನೇ ಎರಡು ಭಾಗ. 2025ರಲ್ಲಿ ನಿಮ್ಮ ಡಲ್ಲಾಸ್‌ನಲ್ಲೇ ಮತ್ತೆ ಮತ ಹಾಕಿದರು, ಆಗಲೂ ಸಾಲಲಿಲ್ಲ. ಅವರೊಳಗೇ ಎಲ್ಲರೂ ಒಂದೇ ಮನಸ್ಸಿನಲ್ಲಿಲ್ಲ ಎಂದು ತಿಳಿಯಲು ಇಷ್ಟು ಸಾಕು.

ಈಗ ಮನೆಯ ವಿಷಯಕ್ಕೆ ಬರೋಣ. ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯವನ್ನು ನಿಮ್ಮ ಸಭೆಯಲ್ಲಿ 22ನೇ ವಚನದಿಂದ ಓದುತ್ತಾರೆ ಅಲ್ವಾ? 21ರಿಂದ ಓದಿ. ಕ್ರಿಸ್ತನ ಭಯದಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಅಲ್ಲಿದೆ. ಆಮೇಲೆ ಹೆಂಡತಿಗೆ ಮೂರು ವಚನ, ಗಂಡನಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಗಂಡನಿಗೆ ಹೇಳಿರುವುದರಲ್ಲಿ 'ತೀರ್ಮಾನ ನಿನ್ನದು' ಎಂಬ ಮಾತು ಎಲ್ಲೂ ಇಲ್ಲ. ಪ್ರೀತಿಸು, ಪೋಷಿಸು, ನಿನ್ನನ್ನೇ ಕೊಟ್ಟುಕೋ ಎಂದಿದೆ. ಗಂಡ ಹೆಂಡತಿ ಸೇರಿ ತೀರ್ಮಾನ ತೆಗೆದುಕೊಳ್ಳುವುದರ ಬಗ್ಗೆ ಪೌಲ ನೇರವಾಗಿ ಬರೆದಿರುವುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ. ಅಲ್ಲಿ ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಇರುವ ಹಾಗೆಯೇ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರ ಉಂಟು, ಇಬ್ಬರೂ ಒಪ್ಪಿಯೇ ನಡೆಯಿರಿ ಎನ್ನುತ್ತಾನೆ. ಹಾಸಿಗೆಯ ವಿಷಯದಲ್ಲೇ ಇಬ್ಬರ ಒಪ್ಪಿಗೆ ಬೇಕು ಎಂದ ಮೇಲೆ ಮನೆಯ ಮುಂಗಡಕ್ಕೆ ಬೇಡವೇ?

ಅಬ್ರಹಾಮನ ಹೆಂಡತಿ ಸಾರಳ ವಿಷಯವೂ ಬರುತ್ತದೆ, ಸಿದ್ಧವಾಗಿರಿ. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಅವಳು ವಿಧೇಯ ಹೆಂಡತಿಯ ಮಾದರಿ. ಆದರೆ ಆದಿಕಾಂಡ 21:12ರಲ್ಲಿ ದೇವರೇ ಅಬ್ರಹಾಮನಿಗೆ, ಸಾರಳು ಹೇಳುವುದನ್ನೆಲ್ಲ ಕೇಳು ಎನ್ನುತ್ತಾನೆ. ಇದನ್ನು ದಂಪತಿಗಳ ಬೈಬಲ್ ಸ್ಟಡಿಯಲ್ಲಿ ಯಾರಾದರೂ ಓದಿಸಿದ್ದು ನಾನಂತೂ ನೋಡಿಲ್ಲ.

ನಿಮಗೆ ಪಾಠ ಹೇಳಿದ ಪಾಸ್ಟರ್ ಬಗ್ಗೆ. ಬೈಬಲಿನಲ್ಲೇ ದೆಬೋರಳು ಇಸ್ರಾಯೇಲಿಗೆ ನ್ಯಾಯ ತೀರಿಸಿದಳು. ಅಪೊಲ್ಲೋಸ ಎಂಬ ದೊಡ್ಡ ವಾಗ್ಮಿಯನ್ನು ಪ್ರಿಸ್ಕಿಲ್ಲ ತನ್ನ ಗಂಡ ಅಕ್ವಿಲನ ಜೊತೆ ಸೇರಿ ಕರೆದು ಕೂರಿಸಿ ತಿದ್ದಿದಳು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಹೇಳಲು ಯೇಸು ಕಳಿಸಿದ್ದು ಮಗ್ದಲದ ಮರಿಯಳನ್ನು. ಇನ್ನೊಂದು, ನಿಮ್ಮ ಸಭೆಯಲ್ಲಿ ಕ್ರಿಸ್ಮಸ್ ಹೊತ್ತಿಗೆ ಲಾಟ್ಟಿ ಮೂನ್ ಹೆಸರಿನಲ್ಲಿ ಮಿಷನ್ ಕಾಣಿಕೆ ಎತ್ತುತ್ತಾರಾ ಎಂದು ಕೇಳಿ. ಅವರು 1873ರಲ್ಲಿ ಚೀನಾಕ್ಕೆ ಹೋದ ಸದರ್ನ್ ಬ್ಯಾಪ್ಟಿಸ್ಟ್ ಮಿಷನರಿ, 1912ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದಲ್ಲೇ ಇದ್ದವರು. ಅಲ್ಲಿನ ಹಳ್ಳಿಗಳಲ್ಲಿ ಅವರ ಮಾತನ್ನು ಗಂಡಸರೂ ಕೂತು ಕೇಳುತ್ತಿದ್ದರು. ಆ ಹೆಂಗಸಿನ ಹೆಸರಲ್ಲೇ ಇವತ್ತಿಗೂ ಆ ಪಂಗಡದ ಹೊರದೇಶದ ಮಿಷನ್ ಕೆಲಸಕ್ಕೆ ಹಣ ಕೂಡುತ್ತದೆ.

ಇನ್ನು ಮುಂಗಡದ ಹಣ. ಟೆಕ್ಸಾಸ್ ಕಾನೂನಿನಲ್ಲಿ ಮದುವೆಯಾದ ಮೇಲೆ ಗಳಿಸಿದ್ದು ಸಾಮಾನ್ಯವಾಗಿ ಇಬ್ಬರದ್ದೂ ಆಗುತ್ತದೆ. ಕಾಗದ ಪತ್ರ ಮುಂದಕ್ಕೆ ಹೋಗುವ ಮುಂಚೆ ಕೂತು ಮಾತಾಡಿ. ಜಗಳದ ಮಧ್ಯೆ ಬೇಡ, ಮಗು ಮಲಗಿದ ಮೇಲೆ. 'ನೀವು ಸೇವಕನ ಹಾಗೆ ಮುಂದೆ ನಡೆಯಬೇಕು ಎಂದು ನಿಮ್ಮ ಪಾಠದಲ್ಲೇ ಇದೆ, ಕೇಳದೆ ಹಣ ಕೊಟ್ಟದ್ದರಲ್ಲಿ ಸೇವೆ ಎಲ್ಲಿದೆ?' ಎಂದು ಶಾಂತವಾಗಿ ಕೇಳಿ. ಅವರ ಉತ್ತರ ಏನೇ ಬರಲಿ, ಆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನೀವು ಪಾಶ್ಚಾತ್ಯ ಸ್ತ್ರೀವಾದವನ್ನು ಸಭೆಯೊಳಗೆ ತರುತ್ತಿದ್ದೀರಿ. ಇದು ನಮ್ಮ ದೇಶದ ಸಂಸ್ಕೃತಿಯೂ ಅಲ್ಲ, ಬೈಬಲಿನ ಬೋಧನೆಯೂ ಅಲ್ಲ. ಹೆಂಗಸರು ಗಂಡಸರಿಗೆ ಬೋಧಿಸುವುದು ಅಮೆರಿಕದಿಂದ ಬಂದ ರೋಗ.
– ಒಬ್ಬ ಸಭಾ ಹಿರಿಯರು, ಬೆಂಗಳೂರು

ಉತ್ತರ: ಅಣ್ಣಾ, ನೀವು ಇಷ್ಟು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ನಾನೂ ನೇರವಾಗಿಯೇ ಹೇಳುತ್ತೇನೆ.

ಪಶ್ಚಿಮ ಘಟ್ಟದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೆಯಲ್ಲ, ಅಲ್ಲಿನ ಕಾಡಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಕಾರ್ಕಳದ ಹತ್ತಿರದ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂದು ಊರಲ್ಲಿ ವಿರೋಧ ಎದ್ದು, ಕಾಡಿಗೆ ಹೋಗಿ ನೆಲೆಸಿದ್ದರು. ಆ ಮಗುವೇ ಪಂಡಿತಾ ರಮಾಬಾಯಿ. ತಾಯಿಯಿಂದಲೇ ಸಂಸ್ಕೃತ ಕಲಿತರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅಲ್ಲಿ ಚೆಲ್ಟನ್‌ಹ್ಯಾಮ್‌ನ ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದಾಗ, ಇಂಡಿಯಾಕ್ಕೆ ಬರಲಿದ್ದ ಇಂಗ್ಲಿಷ್ ಗಂಡಸರಿಗೆ ರಮಾಬಾಯಿ ಪಾಠ ಹೇಳಲಿ ಎಂಬ ಯೋಚನೆ ಬಂತು. ತಡೆದವರು ಯಾರು ಗೊತ್ತಾ? ಇಂಗ್ಲಿಷ್ ಬಿಷಪ್‌ಗಳು. ಹೆಂಗಸು ಗಂಡಸರಿಗೆ ಕಲಿಸುವುದು ಸರಿಯಲ್ಲ, ಇಂಡಿಯಾದಲ್ಲಿ ಜನ ಏನೆಂದುಕೊಂಡಾರು ಎಂದರು. ಅದಕ್ಕೆ ರಮಾಬಾಯಿ ಬರೆದ ಉತ್ತರದ ಸಾರ ಇಷ್ಟು: ನನ್ನ ತಾಯಿ ಹುಡುಗರಿಗೆ ಕಲಿಸಿದಾಗ ನನ್ನ ತಂದೆ ಬೇಡ ಅನ್ನಲಿಲ್ಲ, ನಾನು ಕಲಿಸಿದಾಗ ನನ್ನ ಗಂಡನೂ ಬೇಡ ಅನ್ನಲಿಲ್ಲ, ಈಗ ಇಂಗ್ಲಿಷರು ಬೇಡ ಅನ್ನುತ್ತಿರುವುದು ನನಗೆ ಆಶ್ಚರ್ಯ.

ಹೇಳಿ ಅಣ್ಣಾ, ಇಲ್ಲಿ ಹೊರಗಿನಿಂದ ಬಂದದ್ದು ಯಾವುದು? ಮುಂದೆ ಅವರು ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಮಿಷನ್ ನಡೆಸಿದರು. 1905ರಲ್ಲಿ ಅಲ್ಲಿ ಎದ್ದ ಉಜ್ಜೀವನವನ್ನು (ಭಕ್ತಿಯ ಹೊಸ ಅಲೆಯನ್ನು), ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟಕೋಸ್ಟಲ್ ಪಂಥದ ಚರಿತ್ರೆ ಬರೆಯುವವರು ಇವತ್ತಿಗೂ ನೆನೆಯುತ್ತಾರೆ. ಅಲ್ಲಿಂದ ಗುಂಪುಗುಂಪಾಗಿ ಹೊರಟು ಸುವಾರ್ತೆ (ಯೇಸುವಿನ ಶುಭಸಂದೇಶ) ಸಾರಿದವರು ವಿಧವೆಯರು, ಅನಾಥ ಹುಡುಗಿಯರು. ಇಡೀ ಬೈಬಲನ್ನು ಮರಾಠಿಗೆ ತಂದವರೂ ರಮಾಬಾಯಿಯೇ. ಒಬ್ಬ ಹೆಂಗಸು ದೇವರ ವಾಕ್ಯವನ್ನು ಹೀಬ್ರೂ, ಗ್ರೀಕ್ ಕಲಿತು ತರಬಹುದು, ಆದರೆ ಅದರ ಮೇಲೆ ಅರ್ಧ ಗಂಟೆ ಮಾತಾಡಬಾರದು ಎನ್ನುವುದನ್ನು ನಾನು ಒಪ್ಪಲಾರೆ.

ನಮ್ಮ ಸಿ.ಎಸ್.ಐ. 1970ರ ದಶಕದಲ್ಲೇ ಹೆಂಗಸರಿಗೆ ಗುರುದೀಕ್ಷೆ ಕೊಟ್ಟಿತು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಾ ಲಲಿತಾ ಅವರು ಬಿಷಪ್ ಆದರು. ಚರ್ಚ್ ಆಫ್ ಇಂಗ್ಲೆಂಡ್‌ಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ಪಾಶ್ಚಾತ್ಯರು ನಮಗೆ ಕಲಿಸಿದರು ಎನ್ನಲು ಇಲ್ಲಿ ವರ್ಷಗಳ ಲೆಕ್ಕವೇ ಕೂಡುವುದಿಲ್ಲ. ಹೆಂಗಸು ಕಲಿಸಬಾರದು ಎಂದು ನಿಮ್ಮ ಸಭೆಯ ಹುಡುಗರು ಫೋನಿನಲ್ಲಿ ಕೇಳುವ ಪ್ರಸಂಗಗಳೇ ಹೆಚ್ಚಾಗಿ ಅಮೆರಿಕದವು. ಅಮೆರಿಕದಿಂದ ಬಂದ ಮಾತ್ರಕ್ಕೆ ಅವು ತಪ್ಪು ಎಂದು ನಾನು ಹೇಳುವುದಿಲ್ಲ, ನೀವೂ ಆ ಅಳತೆಯನ್ನು ಬಿಡಿ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಸಭೆಯ ಹಿರಿಯರ ಹತ್ತಿರ ಹೋದೆ. 'ಪ್ರಾರ್ಥನೆ ಮಾಡು, ಅಧೀನಳಾಗಿರು, ನಿನ್ನ ನಡತೆ ನೋಡಿ ಅವನು ಬದಲಾಗುತ್ತಾನೆ' ಎಂದು ಪೇತ್ರನ ಪತ್ರಿಕೆ ತೋರಿಸಿದರು. ಪೊಲೀಸರ ಹತ್ತಿರ ಹೋದರೆ ಸಭೆಯ ಸಾಕ್ಷಿ, ಅಂದರೆ ಒಳ್ಳೆಯ ಹೆಸರು, ಹಾಳಾಗುತ್ತದೆ ಅಂದರು. ಮಕ್ಕಳು ಚಿಕ್ಕವರು.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ಮಿಕ್ಕಿದ್ದು ಆಮೇಲೆ. ಮೊದಲು ನೀವು ಮತ್ತು ಮಕ್ಕಳು ಉಳಿಯಬೇಕು. 181 ಮಹಿಳಾ ಸಹಾಯವಾಣಿ. ಹೊಡೆತ ಬೀಳುವ ಹೊತ್ತಿನಲ್ಲಾದರೆ 112. ಜಿಲ್ಲೆಯಲ್ಲಿ ಸಖಿ ಕೇಂದ್ರ ಇರುತ್ತದೆ, ಅಲ್ಲಿ ತಂಗಲು, ಡಾಕ್ಟರಿಗೆ, ವಕೀಲರಿಗೆ ಸಹಾಯ ಸಿಗುತ್ತದೆ. ಗಾಯ ಆಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂದು ನಿಜ ಹೇಳಿ ಬರೆಸಿ. ಆಧಾರ್, ಮಕ್ಕಳ ಜನನ ಪತ್ರ, ಪಾಸ್‌ಬುಕ್ ಒಂದು ಚೀಲದಲ್ಲಿಟ್ಟು ನಂಬಿಕೆಯ ಒಬ್ಬರ ಮನೆಯಲ್ಲಿಡಿ. 2005ರ ಕೌಟುಂಬಿಕ ಹಿಂಸೆಯ ಕಾನೂನಿನಲ್ಲಿ ನೀವು ಈಗಿರುವ ಮನೆಯಲ್ಲೇ ಇರುವ ಹಕ್ಕು ನಿಮಗಿದೆ, ಅವರು ಹತ್ತಿರ ಬರದ ಹಾಗೆ ಕೋರ್ಟಿನಿಂದ ಆದೇಶವನ್ನೂ ಕೇಳಬಹುದು. ಕ್ರೈಸ್ತರ ವಿಚ್ಛೇದನದ ಕಾನೂನು 1869ರದ್ದು. ಹಿಂದೆ ಗಂಡನ ಕ್ರೌರ್ಯ ಒಂದೇ ಇದ್ದರೆ ಹೆಂಡತಿಗೆ ಅದರಲ್ಲಿ ಬಿಡುಗಡೆ ಸಿಗುತ್ತಿರಲಿಲ್ಲ, ವ್ಯಭಿಚಾರವನ್ನೂ ತೋರಿಸಬೇಕಿತ್ತು. 2001ರಲ್ಲಿ ಅದನ್ನು ತಿದ್ದಿದ್ದಾರೆ. ಈಗ ಕ್ರೌರ್ಯವೇ ಸಾಕು. ನೀವು ಹಾಗೆ ಮಾಡಲೇಬೇಕು ಅನ್ನುತ್ತಿಲ್ಲ. ಬಾಗಿಲು ಇದೆ ಎಂದು ತಿಳಿದಿರಲಿ.

ಈಗ ಆ ಹಿರಿಯರು ತೋರಿಸಿದ ವಚನ. ಅವರು ಓದಿದ್ದು ಮೊದಲನೆಯ ಪೇತ್ರ 3:1. ಅದೇ ಅಧ್ಯಾಯದ 7ನೇ ವಚನ ಗಂಡಂದಿರಿಗೆ. ಹೆಂಡತಿಗೆ ಮಾನ ಕೊಡು, ಅವಳೂ ನಿನ್ನ ಹಾಗೆಯೇ ಜೀವವರಕ್ಕೆ ಬಾಧ್ಯಳು, ಇಲ್ಲದಿದ್ದರೆ ನಿನ್ನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದಿದೆ. ಹಾಗಿದ್ದರೆ ಆ ಹಿರಿಯರು ಬಾಗಿಲು ತಟ್ಟಬೇಕಾಗಿದ್ದದ್ದು ನಿಮ್ಮ ಗಂಡನದ್ದು. ನಿಮ್ಮ ಪ್ರಾರ್ಥನೆಗೆ ಏನೂ ಕೊರತೆ ಇಲ್ಲ.

ಇದೇ ಮಾತು ಅಮೆರಿಕದಲ್ಲಿ ಪಾಸ್ಟರ್‌ಗಳನ್ನು ತಯಾರು ಮಾಡುವ ಒಂದು ದೊಡ್ಡ ಸೆಮಿನರಿಯನ್ನೇ ಅಲುಗಿಸಿತು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿರುವ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿಯ ಅಧ್ಯಕ್ಷರಾಗಿದ್ದ ಪೇಜ್ ಪ್ಯಾಟರ್ಸನ್ 2000ದಲ್ಲಿ ಆಡಿದ್ದ ಮಾತುಗಳ ಧ್ವನಿಮುದ್ರಣ 2018ರಲ್ಲಿ ಸುದ್ದಿಯಾಯಿತು. ಗಂಡನಿಂದ ಪೆಟ್ಟು ತಿನ್ನುತ್ತಿದ್ದ ಒಬ್ಬ ಹೆಂಗಸಿಗೆ ಹಾಸಿಗೆಯ ಪಕ್ಕ ಕೂತು ಪ್ರಾರ್ಥನೆ ಮಾಡಲು ಹೇಳಿದೆ, ಅವಳು ಎರಡೂ ಕಣ್ಣು ಕಪ್ಪಾಗಿಸಿಕೊಂಡು ಬಂದಾಗ ನನಗೆ ಸಂತೋಷವಾಯಿತು, ಯಾಕೆಂದರೆ ಗಂಡ ಚರ್ಚಿಗೆ ಬಂದಿದ್ದ ಎಂದು ಅದರಲ್ಲಿ ಅವರು ಹೇಳಿದ್ದರು. ಸಾವಿರಾರು ಸದರ್ನ್ ಬ್ಯಾಪ್ಟಿಸ್ಟ್ ಹೆಂಗಸರು ಸಹಿ ಹಾಕಿ ಪತ್ರ ಬರೆದರು. ಅವರಲ್ಲಿ ಬಹಳ ಮಂದಿ ಗಂಡನ ಮುಂದಾಳತ್ವವನ್ನು ನಂಬುವವರೇ. ಅತ್ಯಾಚಾರದ ದೂರನ್ನು ಪ್ಯಾಟರ್ಸನ್ ನೋಡಿಕೊಂಡ ರೀತಿಯ ಬಗ್ಗೆಯೂ ಪ್ರಶ್ನೆ ಎದ್ದಿತು. ಅದೇ ವರ್ಷ ಅವರು ಹುದ್ದೆ ಕಳೆದುಕೊಂಡರು. ಡ್ಯಾನ್‌ವರ್ಸ್ ಹೇಳಿಕೆಯಲ್ಲೂ, ಯಾವ ಮನುಷ್ಯನ ಅಧಿಕಾರಕ್ಕೂ ಪಾಪದವರೆಗೆ ತಗ್ಗಬೇಕಾಗಿಲ್ಲ ಎಂಬ ಸಾಲಿದೆ. ನಿಮ್ಮ ಹಿರಿಯರು ಯಾವ ಪಂಗಡದವರೇ ಆಗಿರಲಿ, ಅವರು ಹೇಳಿದ್ದಕ್ಕೆ ಎರಡು ಕಡೆಯಲ್ಲೂ ಆಧಾರ ಇಲ್ಲ. ಸಭೆಯ ಸಾಕ್ಷಿ ಹಾಳಾಗುವುದು ಹೊಡೆತದಿಂದ, ದೂರಿನಿಂದ ಹಾಳಾಗುವುದಿಲ್ಲ.

ನಿಮಗೆ ಪತ್ರಿಕೆಯಿಂದ ಬೇರೆಯಾಗಿಯೂ ಬರೆದಿದ್ದೇನೆ. ದಯವಿಟ್ಟು ಉತ್ತರ ಕೊಡಿ.

ಪ್ರಶ್ನೆ: ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ 2:12ರಲ್ಲಿ ಹೆಂಗಸು ಉಪದೇಶ ಮಾಡಬಾರದು ಎಂದು ಸ್ಪಷ್ಟವಾಗಿದೆ. ಪೌಲನು ಆದಾಮನು ಮೊದಲು ನಿರ್ಮಿತನಾದನು ಎಂದು ಕಾರಣವನ್ನೂ ಕೊಟ್ಟಿದ್ದಾನೆ. ಅದು ಆ ಕಾಲಕ್ಕೆ ಮಾತ್ರ ಎಂದರೆ ನಾಳೆ ಬೈಬಲಿನಲ್ಲಿ ಏನು ಬೇಕಾದರೂ 'ಆ ಕಾಲಕ್ಕೆ' ಎನ್ನಬಹುದಲ್ಲ?
– ಬೈಬಲ್ ಕಾಲೇಜಿನ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಇದು. ಆ ಕಡೆಯವರ ಬಲವೂ ಇಲ್ಲೇ ಇದೆ. ಪೌಲ ಸೃಷ್ಟಿಯ ಮಾತನ್ನು ಎತ್ತಿದ್ದಾನೆ, ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಆದರೆ ನೀವು ಪೂರ್ತಿ ಓದಿ. ಅದೇ ಅಧ್ಯಾಯದ 9ನೇ ವಚನದಲ್ಲಿ ಚಿನ್ನ, ಮುತ್ತು, ಹೆಣೆದ ಜಡೆ ಬೇಡ ಎಂದಿದೆ. ಕೆಲವು ಪೆಂಟಕೋಸ್ಟಲ್ ಸಭೆಯವರು ಒಡವೆ ಬಿಟ್ಟು ಅದನ್ನು ಪಾಲಿಸುತ್ತಾರೆ, ಅವರ ಮೇಲೆ ನನಗೆ ಗೌರವ ಇದೆ. ಮಿಕ್ಕವರು ಆ ವಚನವನ್ನು ಆ ಕಾಲಕ್ಕೆ ಬಿಟ್ಟು ಮೂರು ವಚನ ಆಚೆಯದನ್ನು ಎಲ್ಲ ಕಾಲಕ್ಕೂ ಹಿಡಿದಿದ್ದಾರೆ. 15ನೇ ವಚನದಲ್ಲಿ ಹೆಂಗಸು ಮಕ್ಕಳನ್ನು ಹೆರುವುದರಿಂದ ರಕ್ಷಣೆ ಹೊಂದುವಳು ಎಂದಿದೆ. ಅದನ್ನು ಇದ್ದ ಹಾಗೇ ತೆಗೆದುಕೊಂಡರೆ ರಕ್ಷಣೆ ಕ್ರಿಸ್ತನಿಂದ ಎಂಬ ನಮ್ಮ ಮೂಲ ನಂಬಿಕೆಯೇ ಕುಸಿಯುತ್ತದೆ. ಹಾಗಾಗಿ ಎಲ್ಲರೂ ಅದಕ್ಕೆ ಬೇರೆ ಅರ್ಥ ಹುಡುಕುತ್ತಾರೆ. ಅಂದರೆ ಆ ಭಾಗದ ಸಂದರ್ಭ ನೋಡದೆ ಯಾರಿಗೂ ವಿಧಿಯಿಲ್ಲ. ತಿಮೊಥೆಯನು ಇದ್ದದ್ದು ಎಫೆಸದಲ್ಲಿ. ಅಲ್ಲಿ ಸುಳ್ಳು ಬೋಧನೆ ಹಬ್ಬಿತ್ತು ಎಂದು ಪತ್ರಿಕೆಯ ಮೊದಲ ಅಧ್ಯಾಯವೇ ಹೇಳುತ್ತದೆ.

ಇನ್ನು, ಒಂದನ್ನು ಬಿಟ್ಟರೆ ಎಲ್ಲವೂ ಜಾರಿಹೋಗುತ್ತದೆ ಎಂಬ ಭಯ. ಚರಿತ್ರೆಯಲ್ಲಿ ಈ ಭಯ ಒಮ್ಮೆ ಎದ್ದಿದೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಹೆಂಡತಿ ಗಂಡ, ಮಕ್ಕಳು ತಂದೆ, ಆಮೇಲೆ ದಾಸರು ಯಜಮಾನರು ಎಂದು ಸಾಲಾಗಿ ಬರುತ್ತದೆ. ಅಮೆರಿಕದ ದಕ್ಷಿಣದಲ್ಲಿ 'ದಾಸರೇ, ವಿಧೇಯರಾಗಿರಿ' ಎಂಬುದನ್ನು ಹಿಡಿದು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡದ್ದನ್ನು ಪ್ರಸಂಗಪೀಠದಿಂದಲೇ ಸಮರ್ಥಿಸಿದರು. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಎಂಬ ಜಗಳದಲ್ಲಿ ಬೇರೆಯಾಗಿಯೇ 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಪಂಗಡ ಹುಟ್ಟಿದ್ದು. ಆಗಲೂ, ಗುಲಾಮಗಿರಿ ತಪ್ಪು ಅಂದವರಿಗೆ ಬೈಬಲ್ ಬಿಟ್ಟವರು ಎಂಬ ಹೆಸರು ಬಂತು. 1995ರಲ್ಲಿ ಆ ಪಂಗಡವೇ ಕ್ಷಮೆ ಕೇಳಿತು. 'ಗುಲಾಮಗಿರಿಗೆ ಸೃಷ್ಟಿಯಲ್ಲಿ ಆಧಾರ ಇಲ್ಲ, ಮದುವೆಗೆ ಇದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ' ಎಂದು ಕಾಂಪ್ಲಿಮೆಂಟೇರಿಯನ್ನರು ಹೇಳುತ್ತಾರೆ. ಮದುವೆಯ ಬಗ್ಗೆ ಅದು ನ್ಯಾಯವಾದ ಮಾತೇ. ಆದರೆ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಭೂಮಿಯನ್ನು ಆಳುವ ಕೆಲಸವನ್ನು ದೇವರು ಇಬ್ಬರಿಗೂ ಒಟ್ಟಿಗೇ ಕೊಟ್ಟ. ಗಂಡ ನಿನ್ನನ್ನು ಆಳುವನು ಎಂಬ ಮಾತು ಬರುವುದು 3ನೇ ಅಧ್ಯಾಯದಲ್ಲಿ, ಪಾಪ ಬಂದ ಮೇಲೆ. ಶಾಪದಲ್ಲಿ ಬಂದದ್ದನ್ನು ಸುವಾರ್ತೆಯ ಕೆಳಗೆ ಕಾಪಾಡಿಕೊಂಡು ಬರಬೇಕೇ? ನಿಮ್ಮ ಅಧ್ಯಾಪಕರಿಗೆ ಇದನ್ನು ಕೇಳಿ. ಅವರು ಕೊಡುವ ಉತ್ತರ ಬರೆದು ಕಳಿಸಿ, ಚೆನ್ನಾಗಿದ್ದರೆ ಇಲ್ಲೇ ಹಾಕುತ್ತೇನೆ.

ಪ್ರಶ್ನೆ: ನಮ್ಮ ಸಭೆಯಲ್ಲಿ ಹೆಂಗಸರು ಸೆರಗು ಹೊದ್ದು ಸುಮ್ಮನೆ ಕೂರಬೇಕು. ಇದು ಸರಿಯೇ?
– ಮೈಸೂರು

ಉತ್ತರ: ಸೆರಗು ಹೊದೆಯುವುದು ನಿಮಗೆ ಭಕ್ತಿಯಾದರೆ ಹೊದೆಯಿರಿ. ಆದರೆ ಮುಸುಕಿನ ಮಾತು ಬರುವುದು ಮೊದಲನೆಯ ಕೊರಿಂಥ 11ರಲ್ಲಿ, ಅದು ಸಭೆಯಲ್ಲಿ ಪ್ರಾರ್ಥಿಸುವ, ಪ್ರವಾದಿಸುವ (ದೇವರ ಮಾತನ್ನು ಸಾರುವ) ಹೆಂಗಸಿಗೆ ಹೇಳಿದ್ದು. ಪ್ರವಾದಿಸುವವಳು ಗಟ್ಟಿಯಾಗಿ ಮಾತಾಡಲೇಬೇಕಲ್ಲ. ಮುಸುಕು ಇಟ್ಟುಕೊಂಡು ಬಾಯಿ ಮುಚ್ಚಿಸುವುದು ಆ ಅಧ್ಯಾಯಕ್ಕೆ ಹೊಂದುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ನನಗಿಂತ ಜಾಸ್ತಿ ಸಂಬಳ. ನಾನು ಕೆಲಸ ಬಿಟ್ಟು ಮಗುವನ್ನು ನೋಡಿಕೊಳ್ಳೋಣ ಎಂದು ಇಬ್ಬರೂ ಯೋಚಿಸಿದೆವು. ಸಭೆಯ ಗಂಡಸರ ಕೂಟದಲ್ಲಿ ಹೇಳಿದಾಗ, ಕುಟುಂಬವನ್ನು ಸಾಕದವನು ಅವಿಶ್ವಾಸಿಗಿಂತ ಕಡೆ ಎಂದು ವಚನ ಓದಿದರು. ನಿದ್ದೆ ಬರುತ್ತಿಲ್ಲ.
– ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ತಮ್ಮಾ, ಈ ಬೋಧನೆಯ ಭಾರ ಗಂಡಸರ ಮೇಲೂ ಬೀಳುತ್ತದೆ ಎಂದು ಯಾರೂ ಬರೆಯುವುದಿಲ್ಲ, ನೀವು ಬರೆದಿರಿ. ಅವರು ಓದಿದ ವಚನ ಮೊದಲನೆಯ ತಿಮೊಥೆಯ 5:8. ಆ ಅಧ್ಯಾಯದ ವಿಷಯ ವಿಧವೆಯರು. ಮನೆಯಲ್ಲಿರುವ ವಿಧವೆಯರನ್ನು ಸ್ವಂತದವರೇ ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಹಾಕಬೇಡಿ ಎಂದು ಅಲ್ಲಿದೆ. ಅದೇ ಅಧ್ಯಾಯದ 16ನೇ ವಚನ ಆ ಕೆಲಸವನ್ನು ವಿಶ್ವಾಸಿಯಾದ ಹೆಂಗಸಿಗೂ ಹೇಳುತ್ತದೆ. ಸಂಬಳ ಯಾರ ಖಾತೆಗೆ ಬರಬೇಕು ಎಂದು ಅಲ್ಲಿ ಇಲ್ಲ.

ಜ್ಞಾನೋಕ್ತಿ 31ರ ಗುಣವತಿ ಹೊಲ ನೋಡಿ ಖರೀದಿಸುತ್ತಾಳೆ, ದ್ರಾಕ್ಷೆ ತೋಟ ಮಾಡುತ್ತಾಳೆ, ಬಟ್ಟೆ ಮಾರುತ್ತಾಳೆ. ಅಕ್ವಿಲ ಪ್ರಿಸ್ಕಿಲ್ಲ ಇಬ್ಬರೂ ಗುಡಾರ ಹೊಲಿಯುತ್ತಿದ್ದರು, ಪೌಲನೂ ಕೊರಿಂಥದಲ್ಲಿ ಅವರ ಮನೆಯಲ್ಲೇ ಇದ್ದು ಅದೇ ಕೆಲಸ ಮಾಡಿದ. ನೀವು ಮಗುವಿಗೆ ಅನ್ನ ಕಲಸಿ ತಿನ್ನಿಸುವುದೂ ಕುಟುಂಬವನ್ನು ಸಾಕುವುದೇ. ಒಂದು ಮಾತು ಮಾತ್ರ ಕೇಳುತ್ತೇನೆ, ಕೆಲಸ ಬಿಡುವುದು ನಿಮಗೆ ನಿಜವಾಗಿ ಇಷ್ಟವೇ, ಅಥವಾ ಲೆಕ್ಕ ಹಾಕಿ ಬಂದ ತೀರ್ಮಾನವೇ? ಇಷ್ಟವಿಲ್ಲದಿದ್ದರೆ ಅದನ್ನೂ ಹೆಂಡತಿಯ ಹತ್ತಿರ ಹೇಳಿ. ಮುಂದೆ ವಾಪಸ್ ಕೆಲಸಕ್ಕೆ ಹೋಗುವುದು ಯಾವಾಗ, ಖರ್ಚಿನ ಹಣ ಇಬ್ಬರ ಕೈಗೂ ಹೇಗೆ ಸಿಗಬೇಕು ಎಂದು ಈಗಲೇ ಮಾತಾಡಿಕೊಳ್ಳಿ. ಗಂಡಸರ ಕೂಟಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ನಿಮ್ಮ ಹಾಗೆ ಯೋಚಿಸುತ್ತಾ ಬಾಯಿ ಬಿಡದ ಇನ್ನೊಬ್ಬ ಅಲ್ಲೇ ಕೂತಿರುತ್ತಾನೆ.

ಪ್ರಶ್ನೆ: ಮೇಡಂ, ಈ ವರ್ಷ ಡಿಗ್ರಿ ಮುಗಿಯಿತು. ಥಿಯಾಲಜಿ ಓದಿ ಸಭೆಯ ಸೇವೆ ಮಾಡುವ ಆಸೆ. ನಮ್ಮದು ಸ್ವತಂತ್ರ ಸಭೆ, ಹೆಂಗಸರಿಗೆ ದೀಕ್ಷೆ ಇಲ್ಲ. ಅಪ್ಪ ಬೇಡ ಅನ್ನುತ್ತಿಲ್ಲ, ಆದರೆ ಓದಿ ಏನು ಮಾಡುತ್ತೀಯ ಎಂದು ಕೇಳುತ್ತಾರೆ.
– ಒಬ್ಬ ಯುವತಿ, ಶಿವಮೊಗ್ಗ

ಉತ್ತರ: ಓದು ಮಗಳೇ. ಕನ್ನಡದಲ್ಲಿ ಓದಬೇಕಾದರೆ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಪರಂಪರೆ ಅಲ್ಲಿದೆ. ಇಂಗ್ಲಿಷಿನಲ್ಲಾದರೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, 1910ರಲ್ಲಿ ಶುರುವಾದದ್ದು. ಎರಡೂ ಥಿಯಾಲಜಿ ಪದವಿ ಕೊಡುವ ಸೆರಾಂಪುರ ಕಾಲೇಜಿನ ಸೆನೆಟ್‌ಗೆ ಸೇರಿದವು, ಎರಡರಲ್ಲೂ ಹುಡುಗಿಯರು ಓದುತ್ತಾರೆ.

ಅಪ್ಪನ ಪ್ರಶ್ನೆ ಸರಿಯಾದದ್ದೇ, ಸಿಟ್ಟಾಗಬೇಡ. ಬಿ.ಡಿ. (ಥಿಯಾಲಜಿ ಪದವಿ) ಮುಗಿಸಿದ ಮಾತ್ರಕ್ಕೆ ದೀಕ್ಷೆ ಸಿಗುವುದಿಲ್ಲ. ದೀಕ್ಷೆ ಕೊಡುವುದು ಸಭೆ, ಕಾಲೇಜಲ್ಲ. ನಿಮ್ಮ ಸಭೆಯಲ್ಲಿ ಆ ದಾರಿ ಇಲ್ಲದಿದ್ದರೆ ಮುಂದೆ ಬೇರೆ ಸಭೆಗೆ ಸೇರಬೇಕಾಗಬಹುದು. ಅದು ಸಣ್ಣ ವಿಷಯವಲ್ಲ, ಹುಟ್ಟಿ ಬೆಳೆದ ಸಭೆ ಬಿಡುವುದು ನೋವಿನ ಕೆಲಸ. ಸಿ.ಎಸ್.ಐ.ನಲ್ಲಿ ಹೆಂಗಸರಿಗೆ ದೀಕ್ಷೆ ಇದೆ, ಆದರೆ ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ) ನಿನ್ನನ್ನು ಆರಿಸಬೇಕು, ಕೆಲವು ಕಾಲ ಸಭೆಯಲ್ಲಿ ಕೆಲಸ ಮಾಡಿ ತೋರಿಸಬೇಕು. ದೀಕ್ಷೆ ಇಲ್ಲದೆಯೂ ಕಲಿಸುವ, ಅನುವಾದ ಮಾಡುವ, ಆಸ್ಪತ್ರೆಗಳಲ್ಲಿ ಸಮಾಧಾನ ಹೇಳುವ ಕೆಲಸಗಳಿವೆ. ಸಂಬಳ ಮಾತ್ರ ಕಡಿಮೆ.

ಅರ್ಜಿಯ ಜೊತೆ ಸಾಮಾನ್ಯವಾಗಿ ಸಭೆಯ ಶಿಫಾರಸು ಪತ್ರ ಕೇಳುತ್ತಾರೆ. ನಿಮ್ಮ ಪಾಸ್ಟರ್ ಹತ್ತಿರ ಈಗಲೇ ಹೋಗಿ ಕೇಳು, ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗು. ಕೊಡುವುದಿಲ್ಲ ಎಂದರೆ ಕಾಲೇಜಿನ ಕಚೇರಿಗೇ ಫೋನ್ ಮಾಡಿ, ಸ್ವತಂತ್ರ ಅಭ್ಯರ್ಥಿಯಾಗಿ ಸೇರಿಸಿಕೊಳ್ಳುತ್ತಾರಾ ಎಂದು ವಿಚಾರಿಸು.